ಕೆಂಪು ದೀಪ ಹತ್ತಿತ್ತು, ಅಕ್ಕ ಹಾಡುತ್ತಲೇ ಇದ್ದಳು

ಮಕ್ಕಳೇ, ಈ ವಾರ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಕಳೆದ ದಸರಾ ರಜೆಯಲ್ಲಿ ಭಾಗಮಂಡಲದ ನಮ್ಮ ಮನೆಯಲ್ಲಿ ನಾನೊಂದು ಹಾಡನ್ನು ಹಾಳು ಮಾಡಿದೆ. ಹಾಡಿದವಳು ನನ್ನ ಅಕ್ಕ. ವಯಸ್ಸು ಎಂಬತ್ತನಾಲ್ಕು. ಹಾಡು ನಮ್ಮ ಅರೆಭಾಷೆಯ ಸೋಬಾನೆ, ಮದುಮಗಳನ್ನು ಗಂಡನ ಮನೆಗೆ ಕಳಿಸುವಾಗ ಹೇಳುವಂಥದ್ದು. ಅದರ ನಾಲ್ಕಾರು ಸಾಲು ನಮ್ಮ ಮನೆಯ ಎಲ್ಲ ಹೆಂಗಸರಿಗೂ ಬರುತ್ತದೆ. ಮೊದಲಿಂದ ಕೊನೆಯವರೆಗೆ, ಹನ್ನೊಂದು ನಿಮಿಷ, ತಡವರಿಸದೆ ಬರುವುದು ನಮ್ಮ ಮನೆಯಲ್ಲಿ ಅಕ್ಕನಿಗೊಬ್ಬಳಿಗೇ.

ಮೈಸೂರಿನಲ್ಲಿ ಓದುವ ನನ್ನ ಮೊಮ್ಮಗಳು ರಜೆಗೆ ಬರುವಾಗ ಲ್ಯಾಪ್‌ಟಾಪ್, ಒಂದು ಮೈಕು, ಇಟ್ಟಿಗೆಯಷ್ಟು ದೊಡ್ಡ ಒಂದು ಪೆಟ್ಟಿಗೆ ಹೊತ್ತು ತಂದಿದ್ದಳು. ಗೆಳತಿಯರ ಹಾಡು ರೆಕಾರ್ಡ್ ಮಾಡುವ ಹುಚ್ಚು ಅವಳಿಗೆ. ‘ಅಜ್ಜ, ದೊಡ್ಡಜ್ಜಿಯ ಹಾಡು ಹಿಡಿದಿಡೋಣ’ ಅಂದಳು. ಹಾಡನ್ನು ಹಿಡಿಯುವುದು ಎಂದರೆ ಎಂಥದು ಎಂದು ಆ ವಾರ ಅವಳಿಂದ ಕಲಿತದ್ದನ್ನೇ ನಿಮಗೆ ಹೇಳುತ್ತೇನೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು. ಹಾಗಾಗಿ ಉದಾಹರಣೆಗಳೂ ಅಲ್ಲಿಂದಲೇ ಬರುತ್ತವೆ, ಸಹಿಸಿಕೊಳ್ಳಿ.

ಸದ್ದು ಎಂದರೆ ನಡುಕ. ನಮ್ಮೂರು ಜೇನಿಗೆ ಹೆಸರಾದದ್ದು. ತುಡುವೆ ಜೇನಿನ ಪೆಟ್ಟಿಗೆಗೆ ಕಿವಿಯಿಟ್ಟರೆ ಗುಂಯ್ ಎನ್ನುತ್ತದಲ್ಲ, ಅದು ಹುಳುಗಳ ಗಂಟಲಿನದಲ್ಲ, ರೆಕ್ಕೆಗಳದು. ಜೇನುಹುಳು ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ರೆಕ್ಕೆ ಬಡಿಯುತ್ತದೆ, ಗಾಳಿ ಅಷ್ಟೇ ಸಲ ನಡುಗುತ್ತದೆ. ಸೆಕೆಂಡಿಗೆ ಎಷ್ಟು ನಡುಕ ಎನ್ನುವ ಲೆಕ್ಕಕ್ಕೆ ಹರ್ಟ್ಸ್ ಎಂದು ಹೆಸರು. ಎಳೆಯ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಮೊಮ್ಮಗಳು ಮೊಬೈಲಿನಲ್ಲಿ ಒಂದು ಶಿಳ್ಳೆಯ ಸ್ವರ ಹಾಕಿ ಮೇಲೇರಿಸುತ್ತ ಹೋದಳು. 15,000ಕ್ಕೆ ಬಂದಾಗ ಅವಳು ಕಿವಿ ಮುಚ್ಚಿಕೊಂಡಿದ್ದಳು. ನಾನು, ‘ಇನ್ನೂ ಶುರು ಮಾಡಲಿಲ್ವಾ?’ ಎಂದು ಕೇಳುತ್ತಿದ್ದೆ.

ಮೈಕಿನ ಕೆಲಸ, ಗಾಳಿಯ ಈ ನಡುಕವನ್ನು ವಿದ್ಯುತ್ತಿನ ನಡುಕವಾಗಿ ಬದಲಾಯಿಸುವುದು. ಅದನ್ನು ಅಂಕಿಗಳಾಗಿ ಬದಲಾಯಿಸುವುದು ಆ ಇಟ್ಟಿಗೆಯಂಥ ಪೆಟ್ಟಿಗೆ. ಅದರ ಹೆಸರು ಆಡಿಯೊ ಇಂಟರ್‌ಫೇಸ್. ಡಿಜಿಟಲ್ ಎನ್ನುವುದರ ಅರ್ಥವೇ ಅಂಕಿ. ನಿಮ್ಮ ಮೊಬೈಲಿನೊಳಗೆ ಹಾಡಿಲ್ಲ ಮಕ್ಕಳೇ, ಬರೀ ಲೆಡ್ಜರ್ ಇದೆ.

ಹಾಗಾದರೆ ಸೆಕೆಂಡಿಗೆ ಎಷ್ಟು ಸಲ ಅಂಕಿ ಬರೆಯಬೇಕು? ಇಲ್ಲಿ ನನಗೆ ಒಬ್ಬ ಗ್ರಾಹಕರ ನೆನಪಾಯಿತು. ದಿನಾ ಬೆಳಿಗ್ಗೆ ಹಣ ಕಟ್ಟುವರು, ಮಧ್ಯಾಹ್ನ ಅಷ್ಟನ್ನೂ ತೆಗೆಯುವರು. ಸಂಜೆ ಐದಕ್ಕೆ ಮಾತ್ರ ಬಾಕಿ ನೋಡುವವನಿಗೆ ಆ ಖಾತೆ ಸತ್ತು ಮಲಗಿದೆ ಅನ್ನಿಸುತ್ತದೆ. ಏರಿದ್ದು ಇಳಿದದ್ದು ಎರಡೂ ಕಾಣಬೇಕಾದರೆ ಒಂದು ಏರಿಳಿತಕ್ಕೆ ಎರಡು ಸಲಕ್ಕಿಂತ ಹೆಚ್ಚು ಇಣುಕಬೇಕು. ಇದೇ ಮಾತನ್ನು ಗಣಿತದಲ್ಲಿ ಗಟ್ಟಿ ಮಾಡಿದವರು ಹ್ಯಾರಿ ನೈಕ್ವಿಸ್ಟ್, ಕ್ಲಾಡ್ ಶಾನನ್ ಎಂಬ ಎಂಜಿನಿಯರುಗಳು. ಕಿವಿಯ ಮಿತಿ 20,000 ಆದ್ದರಿಂದ 40,000ಕ್ಕಿಂತ ಹೆಚ್ಚು ಇಣುಕು ಬೇಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಆರಿಸಿಕೊಂಡದ್ದು ಸೆಕೆಂಡಿಗೆ 44,100. ಈ ಒಂದೊಂದು ಇಣುಕಿಗೆ ಸ್ಯಾಂಪಲ್ ಎನ್ನುತ್ತಾರೆ, ಸೆಕೆಂಡಿನ ಲೆಕ್ಕಕ್ಕೆ ಸ್ಯಾಂಪಲ್ ರೇಟ್. 44,100 ಯಾಕೆ, ಗುಂಡಗೆ 44,000 ಯಾಕಲ್ಲ ಎಂದರೆ, ಆಗ ಈ ಅಂಕಿಗಳನ್ನು ವಿಡಿಯೊ ಟೇಪಿನ ಮೇಲೆ ತುಂಬಿಸುತ್ತಿದ್ದರು, ಅದರ ಗೆರೆಗಳ ಲೆಕ್ಕಕ್ಕೆ ಇದು ಸರಿಹೊಂದಿತು. ನಿಮಗೊಂದು ಖುಷಿಯ ವಿಷಯ: 2, 3, 5, 7 ಇವನ್ನು ಗುಣಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ ನೋಡಿ. ನಾನಂತೂ ಎರಡು ಸಲ ಮಾಡಿ ನೋಡಿದೆ.

ಪ್ರತಿ ಇಣುಕಿನಲ್ಲೂ ಆ ಕ್ಷಣದ ಎತ್ತರವನ್ನು ಬರೆಯಬೇಕಲ್ಲ, ಅದಕ್ಕೆ ಮೆಟ್ಟಿಲುಗಳಿವೆ. ಅಳತೆ ಎರಡು ಮೆಟ್ಟಿಲ ನಡುವೆ ನಿಂತರೆ ಹತ್ತಿರದ ಮೆಟ್ಟಿಲಿಗೆ ದೂಡಬೇಕು, ಬಡ್ಡಿ ಲೆಕ್ಕದಲ್ಲಿ ಅರ್ಧ ಪೈಸೆ ಬಂದಾಗ ನಾವು ಮಾಡುತ್ತಿದ್ದಂತೆ. ಹಾಗೆ ದೂಡಿದ ಚೂರುಗಳೆಲ್ಲ ಸೇರಿ ಹಾಡಿನ ಅಡಿಯಲ್ಲಿ ಸಣ್ಣ ಸುಯ್ ಸದ್ದಾಗುತ್ತವೆ. 16 ಬಿಟ್ ಎಂದರೆ 65,536 ಮೆಟ್ಟಿಲು, ಸಿ.ಡಿ.ಗೆ ಇಷ್ಟೇ. 24 ಬಿಟ್ ಎಂದರೆ 1,67,77,216. ರೆಕಾರ್ಡ್ ಮಾಡುವಾಗ ಯಾವಾಗಲೂ 24 ಇಟ್ಟುಕೊಳ್ಳಿ. ಯಾಕೆ ಎನ್ನುವುದಕ್ಕೆ ಅಕ್ಕನ ಹಾಡಿಗೆ ಬರಬೇಕು.

ಆವತ್ತು ಮೊಮ್ಮಗಳು ಮೈಕನ್ನು ಅಕ್ಕನ ಬಾಯಿಂದ ಒಂದು ಗೇಣು ದೂರ ಇಟ್ಟು, ‘ದೊಡ್ಡಜ್ಜಿ, ಏನಾದರೂ ಮಾತಾಡಿ’ ಅಂದಳು. ಅಕ್ಕ ನಾಚಿಕೊಂಡು, ಕಾಫಿ ಆಯ್ತಾ, ಮಳೆ ನಿಲ್ಲುವ ಲಕ್ಷಣ ಇಲ್ಲ ಎಂದೆಲ್ಲ ಪಿಸುಗುಟ್ಟಿದಳು. ಆ ಪಿಸುಮಾತಿಗೆ ತಕ್ಕಂತೆ ಪೆಟ್ಟಿಗೆಯ ಗುಬುಟನ್ನು ಮೇಲಕ್ಕೆ ತಿರುಗಿಸಿದರು. ಈ ಗುಬುಟಿನ ಹೆಸರು ಗೇನ್. ಮೈಕಿನಿಂದ ಬಂದದ್ದನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎಂದು ಹೇಳುವುದು ಅದೇ.

ಆಮೇಲೆ ಅಕ್ಕ ಹಾಡಿದಳು. ಅವಳು ಹಾಡಿ ಬೆಳೆದದ್ದು ಮದುವೆ ಚಪ್ಪರದಲ್ಲಿ. ಒಂದು ಕಡೆ ಓಲಗ, ಒಂದು ಕಡೆ ಮಕ್ಕಳ ಗಲಾಟೆ, ಅದರ ನಡುವೆ ಕೇಳಿಸಬೇಕಾದ ಗಂಟಲು. ಮೂರನೆಯ ಸಾಲಿಗೆ ಬಾಯಿ ಬಿಟ್ಟು ಎತ್ತಿದಳು ನೋಡಿ, ಪರದೆಯ ಮೇಲೆ ಕೆಂಪು ದೀಪ ಹತ್ತಿತು. ಮೊಮ್ಮಗಳು ನನ್ನ ಮುಖ ನೋಡಿ ನಿಲ್ಲಿಸಲಾ ಎಂದು ಕೈಸನ್ನೆ ಮಾಡಿದಳು. ಬೇಡ ಎಂದು ನಾನೇ ತಲೆಯಾಡಿಸಿದೆ.

ನನ್ನ ತಲೆಯಲ್ಲಿದ್ದದ್ದು ಕ್ಯಾಸೆಟ್ಟಿನ ಕಾಲ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂದಿತಲ್ಲ, ಅದನ್ನು ಕೇಳಬೇಕೆಂದೇ ಟೇಪ್ ರೆಕಾರ್ಡರ್ ಕೊಂಡವನು ನಾನು. ಟೇಪಿನಲ್ಲಿ ಮುಳ್ಳು ಸ್ವಲ್ಪ ಕೆಂಪಿಗೆ ಹೋದರೆ ಬಾಧಕವಿರಲಿಲ್ಲ. ಟೇಪಿನ ಸುಯ್ ಸದ್ದು ಮುಚ್ಚಲು ಬೇಕೆಂದೇ ಅಷ್ಟು ಮೇಲೆ ಒಯ್ಯುತ್ತಿದ್ದೆವು. ಟೇಪು ಉದಾರಿ. ಮಿತಿ ದಾಟಿದವರನ್ನೂ ಮೆಲ್ಲಗೆ ಒತ್ತಿ ಒಳಗೆ ಕೂರಿಸಿಕೊಳ್ಳುತ್ತದೆ. ಅಂಕಿಗೆ ಆ ದಾಕ್ಷಿಣ್ಯ ಇಲ್ಲ. ಕೊನೆಯ ಮೆಟ್ಟಿಲಿನ ಮೇಲೆ ಮೆಟ್ಟಿಲೇ ಇಲ್ಲ. ಅದಕ್ಕಿಂತ ಮೇಲೆ ಎಷ್ಟು ಹೋದರೂ ಆ ಕೊನೆಯ ಅಂಕಿಯನ್ನೇ ಬರೆಯುತ್ತದೆ. ಗುಡ್ಡದಂತೆ ದುಂಡಗಿರಬೇಕಾದ ಅಲೆಯ ತಲೆ ಕತ್ತಿಯಲ್ಲಿ ಸವರಿದಂತೆ ಚಪ್ಪಟೆ ಆಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎಂದು ಹೆಸರು. ಕೇಳಿದರೆ ಒಡೆದ ತಗಡಿನ ಸದ್ದು.

ಸಂಜೆ ಹಾಕಿ ಕೇಳಿದೆವು. ಅಕ್ಕ ಎಲ್ಲೆಲ್ಲಿ ದನಿ ಎತ್ತಿದ್ದಳೋ ಅಲ್ಲೆಲ್ಲ ಚರ್ ಚರ್. ಹಾಡಿನ ಜೀವ ಇದ್ದದ್ದೇ ಆ ಜಾಗಗಳಲ್ಲಿ. ದನಿ ತಗ್ಗಿಸಿದರೆ ಸರಿ ಹೋದೀತು ಎಂದುಕೊಂಡೆ. ಹೋಗಲಿಲ್ಲ, ಮೆಲ್ಲನೆಯ ಚರ್ ಚರ್ ಆಯಿತು. ಕತ್ತರಿಸಿ ಹೋದ ತಲೆಯನ್ನು ಊಹೆಯಿಂದ ಕಟ್ಟಿಕೊಡುವ ಸಾಧನಗಳಿವೆಯಂತೆ, ಮೊಮ್ಮಗಳು ಅದನ್ನೂ ಮಾಡಿ ನೋಡಿದಳು. ಒಂದು ಸೆಕೆಂಡಿನದಾದರೆ ಸರಿ, ಸಾಲಿಗೆ ಸಾಲೇ ಹೋದರೆ ಊಹಿಸುವುದೇನನ್ನು? ಮರುದಿನ ಮತ್ತೆ ಹಾಡಿಸೋಣ ಎಂದುಕೊಂಡರೆ ರಾತ್ರಿಯೇ ಅಕ್ಕನಿಗೆ ಜ್ವರ, ಆಮೇಲೆ ಕೆಮ್ಮು. ರಜೆ ಮುಗಿದು ಮೊಮ್ಮಗಳು ಮೈಸೂರಿಗೆ ಹೊರಟಳು. ಕೆಮ್ಮು ನವೆಂಬರಿನಲ್ಲೂ ಇತ್ತು, ಡಿಸೆಂಬರಿನಲ್ಲೂ ಇತ್ತು. ರಾತ್ರಿ ಆಚೆ ಕೋಣೆಯಲ್ಲಿ ಅವಳು ಕೆಮ್ಮುವುದು ಕೇಳಿದಾಗಲೆಲ್ಲ ನನಗೆ ಆ ಕೆಂಪು ದೀಪ ಕಾಣುತ್ತಿತ್ತು. ಯಾರಿಗೂ ಹೇಳಲಿಲ್ಲ, ಹೆಂಡತಿಗೂ.

ಹಾಗಾಗಿ ಇದೊಂದನ್ನು ಬರೆದಿಟ್ಟುಕೊಳ್ಳಿ. ಡಿಜಿಟಲ್ ಮಾಪಕದಲ್ಲಿ ಸೊನ್ನೆ ಎನ್ನುವುದು ತುದಿ, ಉಳಿದದ್ದೆಲ್ಲ ಅದಕ್ಕಿಂತ ಕೆಳಗೆ, ಸಾಲದ ಖಾತೆಯಂತೆ ಯಾವಾಗಲೂ ಮೈನಸ್ಸಿನಲ್ಲೇ. ಲೆಕ್ಕ ಡೆಸಿಬೆಲ್‌ನಲ್ಲಿ. 6 ಡೆಸಿಬೆಲ್ ಇಳಿದರೆ ಅಲೆಯ ಎತ್ತರ ಹೆಚ್ಚುಕಡಿಮೆ ಅರ್ಧ. ಹಾಡುವವರು ಮಾತಾಡಿದಾಗಲ್ಲ, ಅವರ ಅತಿ ಜೋರಿನ ಸಾಲನ್ನು ಹಾಡಿದಾಗ ಮಾಪಕ ಮೈನಸ್ 12ರ ಸುತ್ತ ನಿಲ್ಲುವಂತೆ ಗೇನ್ ಇಡಿ. ಇಷ್ಟು ಕೆಳಗಿಟ್ಟರೆ ಮೆಟ್ಟಿಲು ಸಾಲದೇ ಹೋಗುವುದಿಲ್ಲವೇ ಎಂದರೆ, ಅದಕ್ಕೇ 24 ಬಿಟ್. ಮೆಟ್ಟಿಲು ಅಷ್ಟೊಂದು ಇರುವಾಗ ಕೆಳಗೆ ನಿಂತರೆ ನಷ್ಟವಿಲ್ಲ. ಕಡಿಮೆ ಇದ್ದದ್ದನ್ನು ಆಮೇಲೆ ಏರಿಸಬಹುದು, ಕತ್ತರಿಸಿ ಹೋದದ್ದು ಬರುವುದಿಲ್ಲ.

ಜನವರಿಯಲ್ಲಿ, ಸಂಕ್ರಾಂತಿಗೆ, ಮೊಮ್ಮಗಳು ಮತ್ತೆ ಬಂದಳು. ಅಕ್ಕನ ಕೆಮ್ಮು ಇಳಿದಿತ್ತು, ಹಾಡುತ್ತೇನೆ ಅಂದಳು. ಈ ಸಲ ಜಾಗದ ವಿಷಯದಲ್ಲೂ ಬುದ್ಧಿ ಬಂದಿತ್ತು. ಅಕ್ಟೋಬರಿನಲ್ಲಿ ನಡುಮನೆಯಲ್ಲಿ ಕೂತು ಶೀಟಿನ ಮಾಡಿನ ಮೇಲೆ ಬೀಳುವ ಮಳೆಯನ್ನೂ ಹಾಡಿನ ಜೊತೆ ಹಿಡಿದಿದ್ದೆವು. ಬರಿಗೋಡೆಗೆ ಬಡಿದು ವಾಪಸು ಬರುವ ದನಿ ಬೇರೆ. ಕಿವಿ ಇಂಥದ್ದನ್ನು ತಳ್ಳಿಹಾಕುತ್ತದೆ, ಮೈಕಿಗೆ ಆ ವಿವೇಕವಿಲ್ಲ, ಕೇಳಿದ್ದೆಲ್ಲವನ್ನೂ ಬರೆದುಕೊಳ್ಳುತ್ತದೆ. ಈಗ ಕಾಫಿ ಕೊಯ್ಲು ಮುಗಿಯುತ್ತ ಬಂದಿತ್ತು, ಉಗ್ರಾಣದ ಮೂರು ಗೋಡೆಗೂ ಗೋಣಿಚೀಲ ಪೇರಿಸಿದ್ದೆವು. ಬಾಗಿಲಿಗೆ ಎರಡು ಕಂಬಳಿ ಕಟ್ಟಿದೆವು. ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ಅಲ್ಲಿಂದಲ್ಲಿಗೆ ಸತ್ತಿತು. ನೀವೂ ಮನೆಯಲ್ಲಿ ಮಾಡಿ ನೋಡಿ. ಬಚ್ಚಲಲ್ಲಿ ಒಂದು ಚಪ್ಪಾಳೆ, ಹಾಸಿಗೆ ಬಟ್ಟೆ ತುಂಬಿದ ಕೋಣೆಯಲ್ಲಿ ಒಂದು ಚಪ್ಪಾಳೆ, ಎರಡನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಎಲ್ಲಿ ಹಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಸೋಬಾನೆಯಲ್ಲಿ ಒಬ್ಬರು ಹೇಳಿದ್ದಕ್ಕೆ ಉಳಿದವರು ದನಿಗೂಡಿಸಬೇಕು. ದನಿಗೂಡಿಸಲು ನನ್ನ ಹೆಂಡತಿ ಇದ್ದಳು, ಆದರೆ ಅವಳ ಗಂಟಲಿನ ಮುಂದೆ ಅಕ್ಕನದು ಮುಚ್ಚಿ ಹೋಗುತ್ತದೆ. ಆದ್ದರಿಂದ ಮೊದಲು ಅಕ್ಕ ಹಾಡಿದ್ದನ್ನು ಒಂದು ಪಟ್ಟಿಯಲ್ಲಿ, ಆಮೇಲೆ ಹೆಂಡತಿ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹಾಡಿದ್ದನ್ನು ಇನ್ನೊಂದು ಪಟ್ಟಿಯಲ್ಲಿ ಹಿಡಿಯುವುದು ಎಂದಾಯಿತು. ಈ ಪಟ್ಟಿಗಳಿಗೆ ಟ್ರ್ಯಾಕ್ ಎನ್ನುತ್ತಾರೆ. ಎಷ್ಟು ಟ್ರ್ಯಾಕ್ ಬೇಕಾದರೂ ಒಂದರ ಕೆಳಗೊಂದು ಇಟ್ಟುಕೊಳ್ಳಲು ಬಿಡುವ ತಂತ್ರಾಂಶಕ್ಕೆ ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್ ಎಂದು ಉದ್ದದ ಹೆಸರು. ಸಾವಿರಾರು ರೂಪಾಯಿಯವೂ ಇವೆ. ನಮ್ಮಂಥವರ ಕೆಲಸಕ್ಕೆ ಅಡಾಸಿಟಿ ಎಂಬ ಪುಕ್ಕಟೆಯದೇ ಧಾರಾಳ ಸಾಕು.

ಹೆಂಡತಿ ಹಾಡಲು ಕೂತಾಗ ಹೊಸ ತೊಂದರೆ. ತಾನು ಹಾಡಿದ್ದು ತನ್ನ ಕಿವಿಗೇ ತಡವಾಗಿ ಬರುತ್ತಿದೆ, ಯಾರೋ ಅಣಕಿಸುತ್ತಿದ್ದಾರೆ ಎಂದು ಹೆಡ್‌ಫೋನ್ ಕಿತ್ತು ಇಟ್ಟಳು. ಇದಕ್ಕೆ ಲೇಟೆನ್ಸಿ ಎನ್ನುತ್ತಾರೆ. ಹಿಂದೆ ಬ್ಯಾಂಕಿನಲ್ಲಿ ಚೆಕ್ ಕೊಟ್ಟರೆ ಹಿತ್ತಾಳೆ ಟೋಕನ್ ಕೊಡುತ್ತಿದ್ದೆವು, ನಂಬರು ಕರೆಯುವವರೆಗೆ ಬೆಂಚಿನ ಮೇಲೆ ಕೂರಬೇಕು. ಕಂಪ್ಯೂಟರೂ ಅಂಕಿಗಳನ್ನು ಒಂದೊಂದಾಗಿ ನೋಡುವುದಿಲ್ಲ, ಒಂದು ಟ್ರೇ ತುಂಬಿದ ಮೇಲೆ ಎತ್ತಿಕೊಳ್ಳುತ್ತದೆ. ಆ ಟ್ರೇಗೆ ಬಫರ್ ಎಂದು ಹೆಸರು. 1,024 ಸ್ಯಾಂಪಲ್ ಹಿಡಿಯುವ ಟ್ರೇ ತುಂಬಲು ಸೆಕೆಂಡಿನ ಸಾವಿರದ 23 ಪಾಲು ಬೇಕು, ಬರುವಾಗೊಮ್ಮೆ ಹೋಗುವಾಗೊಮ್ಮೆ ಕಾದರೆ ಕಿವಿಗೆ ಗೊತ್ತಾಗಿಬಿಡುತ್ತದೆ. ಟ್ರೇ ಚಿಕ್ಕದು ಮಾಡಿದರೆ ತಡ ಕಡಿಮೆ, ಆದರೆ ಗುಮಾಸ್ತ ಮತ್ತೆ ಮತ್ತೆ ಓಡಬೇಕು. ಹಳೆಯ ಲ್ಯಾಪ್‌ಟಾಪ್ ಆದರೆ ಏದುಸಿರು ಬಿಟ್ಟು ನಡುನಡುವೆ ಟಪ್ ಟಪ್ ಎನ್ನುತ್ತದೆ. ಮೊಮ್ಮಗಳು 256ಕ್ಕೆ ಇಳಿಸಿದಳು, ಸರಿಯಾಯಿತು.

ಎರಡು ಟ್ರ್ಯಾಕನ್ನೂ ಹದವಾಗಿ ಕೂಡಿಸುವುದು ಮಿಕ್ಸಿಂಗ್. ಕೂಡಿಸಿ ಬಂದದ್ದನ್ನು ಎಲ್ಲ ಸ್ಪೀಕರಿಗೂ ಒಗ್ಗುವಂತೆ ಕೊನೆಯ ಒಪ್ಪ ಮಾಡುವುದು ಮಾಸ್ಟರಿಂಗ್. ಇಲ್ಲಿ ಅಜ್ಜ ಮೊಮ್ಮಗಳಿಗೆ ಸ್ವಲ್ಪ ಜಗಳವೂ ಆಯಿತು. ಅಕ್ಕನ ಸ್ವರ ಒಂದೆರಡು ಕಡೆ ಜಾರುತ್ತದೆ, ಸರಿಪಡಿಸುವ ಸಾಧನ ಇದೆ, ಮಾಡಲಾ ಎಂದಳು. ಹಾರ್ಮೋನಿಯಂ ಮನೆಗಳಿಗೆ ಸಿಗದ ಸ್ವರಗಳು ಅವು ಮಗಳೇ, ಜಾರಿದ್ದಲ್ಲ, ಹಾಗೇ ಇರುವುದು ಎಂದೆ. ಹಿನ್ನೆಲೆಯ ಸದ್ದು ತೆಗೆಯುವ ಸಾಧನ ಹಾಕಿದಾಗ ಅಕ್ಕನ ಉಸಿರೂ ಅದರ ಜೊತೆ ಹೋಯಿತು, ಬೊಂಬೆ ಹಾಡಿದಂತೆ ಕೇಳಿಸಿತು. ಅದನ್ನು ಅವಳೇ ಬೇಡ ಅಂದಳು. ಐದನೇ ನಿಮಿಷದಲ್ಲಿ ಪಕ್ಕದ ಮನೆಯ ಹುಂಜ ಕೂಗಿದ್ದೂ ಹಾಗೇ ಇದೆ.

ಕಂಪ್ರೆಷನ್ ಎಂಬ ಹೆಸರಿನ ಇಬ್ಬರಿದ್ದಾರೆ, ಒಂದೇ ಹೆಸರಿನ ಎರಡು ಖಾತೆಯಂತೆ ಗಲಿಬಿಲಿ ಮಾಡಿಕೊಳ್ಳಬೇಡಿ. ಒಬ್ಬ ಜೋರು ದನಿಯನ್ನು ತಗ್ಗಿಸಿ ಮೆಲುದನಿಗೆ ಹತ್ತಿರ ತರುವವನು. ಇನ್ನೊಬ್ಬ ಕಡತವನ್ನೇ ಕುಗ್ಗಿಸುವವನು. ಸಿ.ಡಿ. ಲೆಕ್ಕದಲ್ಲಿ ಎಡ ಬಲ ಎರಡೂ ಕಿವಿ ಸೇರಿ ಸೆಕೆಂಡಿಗೆ 1,76,400 ಬೈಟ್, ನಿಮಿಷಕ್ಕೆ ಒಂದು ಕೋಟಿ ದಾಟುತ್ತದೆ. ಎಂ.ಪಿ.3 ಅದನ್ನು ಹತ್ತು ಹನ್ನೊಂದರಲ್ಲಿ ಒಂದು ಪಾಲು ಮಾಡುತ್ತದೆ. ದೇವಸ್ಥಾನದಲ್ಲಿ ಜಾಗಟೆ ಬಾರಿಸುವಾಗ ಪಕ್ಕದವರ ಪಿಸುಮಾತು ಹೇಗೂ ಕೇಳುವುದಿಲ್ಲವಲ್ಲ, ಅಂಥದ್ದನ್ನೆಲ್ಲ ಅದು ಬರೆಯದೇ ಬಿಡುತ್ತದೆ. ಜಾಣತನವೇ. ಆದರೆ ಬಿಟ್ಟದ್ದು ಬಿಟ್ಟದ್ದೇ. ನೆಂಟರಿಗೆ ಮೊಬೈಲಿನಲ್ಲಿ ಕಳಿಸಲು ಎಂ.ಪಿ.3 ಸಾಕು, ಮನೆಯಲ್ಲಿ ಇಟ್ಟುಕೊಳ್ಳುವ ಪ್ರತಿ ಕುಗ್ಗಿಸದ ವೇವ್ ಕಡತವೇ ಆಗಿರಲಿ. ಮಿಡಿ ಎಂಬ ಇನ್ನೊಂದು ಹೆಸರನ್ನು ನೀವು ಕೇಳಿರಬಹುದು. 1983ರಲ್ಲಿ ಬಳಕೆಗೆ ಬಂತು. ಅದರಲ್ಲಿ ಸದ್ದೇ ಇಲ್ಲ, ಯಾವ ಮನೆಯನ್ನು ಯಾವಾಗ ಎಷ್ಟು ಜೋರಾಗಿ ಒತ್ತಬೇಕು ಎಂಬ ಸೂಚನೆ ಮಾತ್ರ. ಡಿಮಾಂಡ್ ಡ್ರಾಫ್ಟಿನ ಹಾಗೆ. ಅಕ್ಕನಿಗೆ ಅದರ ಅಗತ್ಯ ಬೀಳಲಿಲ್ಲ.

ನಮ್ಮ ಜಿಲ್ಲೆಯ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಬಾಯಲ್ಲಿದ್ದ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದು 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂದು ಅಚ್ಚು ಹಾಕಿಸಿದರು. ಮಾತು ಉಳಿಯಿತು, ದನಿಯನ್ನು ಕಾಗದ ಹಿಡಿಯಲಾರದು. ಹಿಡಿಯುವ ಯಂತ್ರ ಆಗಲೇ ದೇಶಕ್ಕೆ ಬಂದಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿ ದೊಡ್ಡ ಕೊಂಬಿನೊಳಕ್ಕೆ ಹಾಡಿದರು, ಮೈಕೂ ಇಲ್ಲ, ವಿದ್ಯುತ್ತೂ ಇಲ್ಲ, ಮೂರು ನಿಮಿಷದಲ್ಲಿ ಮುಗಿಸಬೇಕು. ಮುಗಿಸಿ ಕೊನೆಗೆ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ಅಚ್ಚು ಹಾಕುವವರಿಗೆ ಇದು ಯಾರ ತಟ್ಟೆ ಎಂದು ತಿಳಿಯಲಿ ಎಂದು ಎನ್ನುತ್ತಾರೆ. ಕೊನೆಗಾಲದಲ್ಲಿ ಅವರು ಮೈಸೂರು ಅರಮನೆಯ ಆಶ್ರಯದಲ್ಲಿದ್ದರು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಇದನ್ನು ಹೇಳಿದ ಮೇಲೆ ಅಕ್ಕನೂ ಹಾಡಿನ ಕೊನೆಗೆ ತನ್ನ ಹೆಸರು, ಅವ್ವನ ಹೆಸರು, ಭಾಗಮಂಡಲ ಎಂದು ಸೇರಿಸಿದಳು. ನೀವೂ ಮನೆಯ ಹಿರಿಯರದು ಹಿಡಿದರೆ ಹೆಸರು, ಊರು, ತಾರೀಕು ಅವರ ಬಾಯಿಂದಲೇ ಹೇಳಿಸಿ. ಹಿಡಿದದ್ದನ್ನು ಮೂರು ಕಡೆ ಇಡಿ. ನಮ್ಮದು ಲ್ಯಾಪ್‌ಟಾಪಿನಲ್ಲಿ ಒಂದು, ನನ್ನ ಕಪಾಟಿನ ಪೆನ್ ಡ್ರೈವಿನಲ್ಲಿ ಒಂದು, ಮೈಸೂರಿನಲ್ಲಿ ಮಗನ ಮನೆಯಲ್ಲಿ ಒಂದು ಇದೆ.

ಎಲ್ಲ ಮುಗಿದ ಮೇಲೆ ಅಕ್ಕನಿಗೆ ಬೆಲ್ಲದ ಕಾಫಿ ಕೊಟ್ಟು, ಹೆಡ್‌ಫೋನ್ ಹಾಕಿ ಕೇಳಿಸಿದೆವು. ಒಂದು ನಿಮಿಷ ಕೇಳಿ, ‘ಇದು ನಾನಲ್ಲ’ ಅಂದಳು. ಎಲ್ಲರೂ ಹಾಗೆಯೇ ಹೇಳುವುದು. ನಾವು ಮಾತಾಡುವಾಗ ನಮ್ಮ ದನಿ ಗಾಳಿಯಿಂದಲೂ ಬರುತ್ತದೆ, ತಲೆಯ ಮೂಳೆಯ ಮೂಲಕ ಒಳಗಿನಿಂದಲೂ ಬರುತ್ತದೆ. ಮೂಳೆ ತಗ್ಗಿನ ಸ್ವರಗಳನ್ನು ತುಂಬಿ ಕೊಡುವುದರಿಂದ ನಮ್ಮ ದನಿ ನಮಗೆ ದಪ್ಪಗೆ ಕೇಳುತ್ತದೆ. ಮೈಕಿಗೆ ಸಿಗುವುದು ಗಾಳಿಯ ಪಾಲು ಮಾತ್ರ. ಇದನ್ನೆಲ್ಲ ಮೊಮ್ಮಗಳು ವಿವರಿಸುತ್ತಿದ್ದಳು, ಅಕ್ಕ ಕೈ ಎತ್ತಿ ನಿಲ್ಲಿಸಿದಳು.

‘ಇದು ಅವ್ವ ಹಾಡುವುದು, ತಮ್ಮ. ನಿನಗೆ ನೆನಪಿಲ್ಲ, ನೀನು ಆಗ ಸಣ್ಣವನು.’

ಹನ್ನೊಂದು ನಿಮಿಷವೂ ಕೇಳಿದಳು. ಹುಂಜ ಕೂಗಿದಾಗ ಒಮ್ಮೆ ಕಿಟಕಿಯ ಕಡೆ ತಿರುಗಿ ನೋಡಿದಳು. ಮುಗಿದಾಗ ಹೆಡ್‌ಫೋನ್ ತೆಗೆಯಲು ಹೋದ ಮೊಮ್ಮಗಳ ಕೈ ಹಿಡಿದು, ಇನ್ನೊಮ್ಮೆ ಹಾಕು ಅಂದಳು.